ನಾಲ್ಕೂ ಪಾತ್ರ ಬಲ್ಲವನು

ಅರಸೀಕೆರೆಯ ಕೊಬ್ಬರಿ ಮಂಡಿಯಲ್ಲಿ ಕಲ್ಲೇಶಪ್ಪನವರ ಮಗ ಶರತ್ಚಂದ್ರನ ಕಿವಿಗೆ ಒಂದು ಹೆಸರಿತ್ತು. ಅಟ್ಟದ ಮೇಲೆ ವರ್ಷದವರೆಗೆ ಒಣಗಿದ ಕಾಯನ್ನು ಕೈಗೆ ಕೊಟ್ಟರೆ, ಅದನ್ನು ಒಡೆಯದೆ ಕಿವಿಯ ಬಳಿ ಒಮ್ಮೆ ಕುಲುಕಿ, ಒಳಗಿನ ಕೊಬ್ಬರಿ ಚಿಪ್ಪನ್ನು ಪೂರ್ತಿ ಬಿಟ್ಟಿದೆಯೋ, ಒಂದು ಮಗ್ಗುಲು ಇನ್ನೂ ಹಸಿಯಾಗಿದೆಯೋ ಎಂಬುದನ್ನು ಅವನು ಹೇಳಬಲ್ಲವನಾಗಿದ್ದನು. ಮೂವತ್ತಮೂರರ ಪ್ರಾಯದ ಅವನಾದರೋ ಇದನ್ನು ವಿದ್ಯೆಯೆಂದು ಎಣಿಸಿದವನಲ್ಲ. ಅವನು ಎಂಟು ವರ್ಷ ತಪಸ್ಸಿನಂತೆ ನಡೆಸಿದ ವಿದ್ಯೆ ಬೇರೆ. ಅದು ಕಂಪ್ಯೂಟರಿನ ಪರದೆಯೊಳಗಿನ ಪಾಳುನಗರವೊಂದರಲ್ಲಿ ನಾಲ್ವರು ಒಂದು ತಂಡವಾಗಿ ಎದುರಿನ ನಾಲ್ವರೊಡನೆ ಬಂದೂಕು ಹಿಡಿದು ಕಾದುವ ಆಟ.

ಆ ಆಟದಲ್ಲಿ ನಾಲ್ವರಿಗೂ ಬೇರೆ ಬೇರೆ ಪಾತ್ರ. ವಿದ್ಯುತ್ ಇಲಾಖೆಯಲ್ಲಿದ್ದ ಧರ್ಮೇಶ್ ಗುರಾಣಿಯವನು. ಏಟು ಕೊಡುವುದಕ್ಕಿಂತ ಏಟು ತಿನ್ನುವುದು ಅವನ ಕೆಲಸ. ಹಿಂದಿರುವವರು ರಸ್ತೆ ದಾಟುವವರೆಗೆ ಎಲ್ಲಿ ನಿಲ್ಲಬೇಕು, ಯಾವ ಗಳಿಗೆಯಲ್ಲಿ ಒಂದು ಹೆಜ್ಜೆ ಹಿಂದೆ ಸರಿಯಬೇಕು ಎಂಬುದನ್ನು ಬಲ್ಲವನೇ ಆ ಪಾತ್ರಕ್ಕೆ ಯೋಗ್ಯ. ಬಸ್ ನಿಲ್ದಾಣದೆದುರು ಮೊಬೈಲ್ ಅಂಗಡಿ ಇಟ್ಟಿದ್ದ ಚನ್ನೇಶ್ ದೂರದ ಗುರಿಕಾರ. ಉಸಿರು ಹಿಡಿದು, ಶತ್ರು ಇರುವ ಜಾಗಕ್ಕಲ್ಲ, ಇನ್ನೊಂದು ಕ್ಷಣಕ್ಕೆ ಬರುವ ಜಾಗಕ್ಕೆ ಗುಂಡು ಬಿಡುವವನು. ಬಾಣಾವರದ ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದ ಸ್ವಾತಿ ಮೆಡಿಕ್, ಗಾಯಗೊಂಡು ಬಿದ್ದವರನ್ನು ಎಬ್ಬಿಸುವವಳು. ಅವಳ ಕಣ್ಣು ಸದಾ ಜೊತೆಗಾರರ ಮೇಲೆ. ಇಬ್ಬರು ಬಿದ್ದರೆ ಯಾರನ್ನು ಮೊದಲು ಎಬ್ಬಿಸಬೇಕು, ಯಾರನ್ನು ಬಿಡಬೇಕು ಎಂಬ ಕಠಿಣ ವಿವೇಕ ಅವಳದು. ಶರತ್ಚಂದ್ರ ಬೇಹುಗಾರ. ಹೆಡ್‌ಫೋನಿನಲ್ಲಿ ಕೇಳಿಬರುವ ಹೆಜ್ಜೆಯ ಸಪ್ಪಳದಿಂದಲೇ ಬರುತ್ತಿರುವವನು ಯಾವ ಗೋಡೆಯಾಚೆ, ಎಷ್ಟು ದೂರ, ಕಲ್ಲಿನ ಮೇಲೋ ಮರಳಿನ ಮೇಲೋ ಎಂದು ಅವನು ಹೇಳುವನು. ಮಿಕ್ಕ ಮೂವರು ಕಣ್ಣುಮುಚ್ಚಿ ನಂಬುವರು. ಸಂಜೆಯ ದೀಪ ಹಚ್ಚಿದ ಮೇಲೆ ತಂತಮ್ಮ ಮನೆಗಳಲ್ಲಿ ಕುಳಿತು ಆಡುತ್ತಿದ್ದ ಆ ಎರಡು ಗಂಟೆಯೇ ಅವನ ದಿನವಾಗಿತ್ತು. ಬೇರೆ ಗೆಳೆಯರು ಅವನಿಗಿರಲಿಲ್ಲ.

ಹಾರನಹಳ್ಳಿಯ ದಾರಿಯಲ್ಲಿದ್ದ ಒಂದು ಸಣ್ಣ ಮಠದ ದಾಸೋಹದಲ್ಲಿ ಕಲ್ಲೇಶಪ್ಪನವರು ಸೋಮವಾರಗಳಂದು ಬಡಿಸುತ್ತಿದ್ದರು. ಅಲ್ಲಿ ಒಂದು ಕಟ್ಟಳೆ: ಅನ್ನದ ಬುಟ್ಟಿ ಹಿಡಿದವನು ಸಾರಿನ ಬಕೀಟನ್ನು ಮುಟ್ಟಕೂಡದು. ಸಾರಿನವನು ತಡವಾದರೆ ಎಲೆಯ ಮುಂದೆ ಕುಳಿತವರು ಕಾಯುವರು. ಹನ್ನೆರಡರ ವಯಸ್ಸಿನಲ್ಲಿ ಅನ್ನ ಬಡಿಸುತ್ತಿದ್ದ ಶರತ್ಚಂದ್ರ ಒಮ್ಮೆ, ಅನ್ನ ಆರುತ್ತಿದೆಯೆಂದು, ಬಾಗಿಲಲ್ಲಿ ಕೈ ತೊಳೆಯುತ್ತಿದ್ದ ಸಾರಿನ ಹೊನ್ನಯ್ಯನ ಬಕೀಟನ್ನೆತ್ತಿ ತಾನೇ ಬಡಿಸಿಬಿಟ್ಟನು. ಚುರುಕಾಗಿ ಬಡಿಸಿದನು, ಒಂದು ಹನಿಯೂ ಚೆಲ್ಲಲಿಲ್ಲ. ಹೊನ್ನಯ್ಯ ಟವೆಲಿನಲ್ಲಿ ಕೈ ಒರೆಸಿಕೊಂಡು ಹೊರಟುಹೋದನು. ಮರುದಿನ ತಂದೆ ಮಗನನ್ನು ಕರೆದುಕೊಂಡು ಅವನ ಮನೆಗೆ ಹೋದರು. ಹೊನ್ನಯ್ಯ ನೀರು ಕೊಟ್ಟನು, ಮಳೆಯ ವಿಚಾರ ಮಾತಾಡಿದನು, ನಕ್ಕನು. ಮಠಕ್ಕೆ ಮಾತ್ರ ಮತ್ತೆ ಬರಲಿಲ್ಲ.

ಶರತ್ಚಂದ್ರ ಮಿಕ್ಕ ಮೂರು ಪಾತ್ರಗಳನ್ನು ಕಲಿಯಲಾರಂಭಿಸಿದ್ದು ದುರಾಶೆಯಿಂದಲ್ಲ. ಧರ್ಮೇಶನಿಗೆ ಮಳೆಗಾಲದಲ್ಲಿ ಸಂಜೆಯ ಕೆಲಸ ಬೀಳುತ್ತಿತ್ತು. ಆಟ ನಿಲ್ಲಬಾರದೆಂದು ಗುರಾಣಿ ಹಿಡಿದನು. ಚನ್ನೇಶನ ಮದುವೆಯಾದ ತಿಂಗಳು ಗುರಿ ಕಲಿತನು. ನಿತ್ಯವೂ ಬೆಳಗ್ಗೆ ಅಂಗೈಯ ಇಷ್ಟಲಿಂಗದ ಮೇಲೆ ರೆಪ್ಪೆ ಮಿಟುಕಿಸದೆ ದೃಷ್ಟಿ ನೆಡುವ ಅಭ್ಯಾಸ ಅವನಿಗಿತ್ತು. ಆ ಸ್ಥಿರದೃಷ್ಟಿಯನ್ನೇ ಬಂದೂಕಿನ ಕೊನೆಗೆ ತಂದಾಗ ಅವನ ಮನಸ್ಸು ಒಮ್ಮೆ ಅಳುಕಿತು. ಆಮೇಲೆ ಆ ಅಳುಕೂ ಸವೆಯಿತು. ಸ್ವಾತಿ ಪರೀಕ್ಷೆಯ ಉತ್ತರಪತ್ರಿಕೆ ತಿದ್ದುವ ದಿನಗಳಲ್ಲಿ ಮೆಡಿಕ್ಕಿನ ವಿವೇಕವೂ ಕೈವಶವಾಯಿತು. ಅವರು ಮರಳಿ ಬಂದರು. ಕಲಿತ ಕೈ ಮಾತ್ರ ಸುಮ್ಮನಿರಲಿಲ್ಲ.

"ಲೇ ಶರತಾ, ಗೋಪುರದ ಮೇಲೆ ನಾನು ಗುರಿ ಹಿಡ್ಕಂಡು ಕುಂತಿದ್ರೆ ಕೆಳಗಿಂದ ನೀನು ಹೊಡೀತೀಯಲ್ಲೋ," ಎಂದು ಚನ್ನೇಶ್ ಒಮ್ಮೆ ನಗುತ್ತಲೇ ಅಂದಿದ್ದನು. "ನಾನೇನು ಇಲ್ಲಿ ಪಾರಿವಾಳ ಎಣಿಸ್ಲಾ?"

"ಸತ್ತನಲ್ಲ, ಬಿಡೋ," ಎಂಬುದು ಶರತ್ಚಂದ್ರನ ಉತ್ತರ.

ಈ ವರ್ಷ ಹಾಸನದ ಪಂದ್ಯಾವಳಿಗೆ ಆಯ್ಕೆಯ ಆಟಗಳು ನಡೆದವು. ಕೊನೆಯ ಆಟದ ಕೊನೆಯ ನಿಮಿಷದಲ್ಲಿ ಧರ್ಮೇಶ್ ಬಾವಿಯ ಬಳಿ ಬಿದ್ದನು. ಬಿದ್ದವನನ್ನು ಇಪ್ಪತ್ತು ಸೆಕೆಂಡಿನೊಳಗೆ ಮೆಡಿಕ್ ಮುಟ್ಟಿದರೆ ಅವನು ಏಳುತ್ತಾನೆ. ಇಲ್ಲವಾದರೆ ಸಾಯುತ್ತಾನೆ; ಸತ್ತವನು ಮರಳಿ ಹುಟ್ಟುವಾಗ ಬೇಕಾದ ಪಾತ್ರವನ್ನು ಆರಿಸಿಕೊಳ್ಳಬಹುದು. ಅದೇ ಹೊತ್ತಿಗೆ ತಾನೂ ಸತ್ತು ಮರಳಿ ಹುಟ್ಟುತ್ತಿದ್ದ ಶರತ್ಚಂದ್ರ ಬೇಹುಗಾರನಾಗದೆ ಮೆಡಿಕ್ ಆಗಿ ಬಂದು, ಓಡಿಹೋಗಿ ಅವನನ್ನೆಬ್ಬಿಸಿದನು. ತಂಡ ಗೆದ್ದಿತು. ಹೆಡ್‌ಫೋನಿನಲ್ಲಿ ಕೂಗು ಏಳಬೇಕಾಗಿತ್ತು. "ಚೆನ್ನಾಗಿತ್ತು ಶರತಣ್ಣ," ಎಂದಳು ಸ್ವಾತಿ. ಅಷ್ಟೇ. ಮರುಸಂಜೆ ಅವಳು ಬರಲಿಲ್ಲ. ಅದರ ಮರುಸಂಜೆ ಯಾರೂ ಬರಲಿಲ್ಲ.

ಹಾಸನದವರ ನಿಯಮ ಸ್ಪಷ್ಟವಾಗಿತ್ತು: ಆಯ್ಕೆಯಾದ ನಾಲ್ವರೇ ಬರಬೇಕು, ಒಬ್ಬರು ತಪ್ಪಿದರೂ ತಂಡವಿಲ್ಲ, ಹೆಸರುಗಳನ್ನು ಶನಿವಾರ ಸಂಜೆ ಆರರೊಳಗೆ ಖಚಿತಪಡಿಸಬೇಕು. ಧರ್ಮೇಶ್ ಫೋನಿನಲ್ಲಿ, "ಸ್ವಾತಿ ಬಂದ್ರೆ ನೋಡೋಣ ಕಣಪ್ಪ," ಎಂದನು. ಅಂಗಡಿಯಲ್ಲಿ ಚನ್ನೇಶನೂ ತಲೆಯೆತ್ತದೆ ಒಂದು ಮೊಬೈಲಿನ ಗಾಜು ಅಂಟಿಸುತ್ತ, "ಆ ಹುಡುಗಿ ಹೂಂ ಅಂದ್ರೆ ನಾನೂ ಬತ್ತೀನಿ ಬಿಡ್ಲಾ," ಎಂದನು.

ಆದುದರಿಂದ ಆ ಶನಿವಾರ ಶರತ್ಚಂದ್ರ ಮಂಡಿಯನ್ನು ತಂದೆಗೆ ಬಿಟ್ಟು ಬಾಣಾವರಕ್ಕೆ ಹೋದನು. ಅರ್ಧದಿನದ ಶಾಲೆ ಮುಗಿಸಿ ಸ್ವಾತಿ ರೈಲ್ವೆ ನಿಲ್ದಾಣದ ಬೆಂಚಿನ ಮೇಲೆ ಕುಳಿತಿದ್ದಳು.

"ಏನು ಶರತಣ್ಣ, ಕೊಬ್ಬರಿ ಬಿಟ್ಟು ಇಲ್ಲಿ?"

"ಆರು ಗಂಟೆ ಒಳಗೆ ಹೆಸರು ಕೊಡ್ಬೇಕು ಸ್ವಾತಿ. ನೀನು ಹೂಂ ಅಂದ್ರೆ ಅವರಿಬ್ಬರೂ ಬರ್ತಾರೆ."

"ನಾನು ಬಂದು ಏನ್ ಮಾಡ್ಲಿ?"

"ಮೆಡಿಕ್ ಕಣಮ್ಮ. ನಿನ್ ಥರ ಯಾರು ಆಡ್ತಾರೆ?"

"ನೀವು ಆಡ್ತೀರಲ್ಲ. ನನಗಿಂತ ಬೇಗ."

"ಅವತ್ತು ಧರ್ಮೇಶ ಸಾಯ್ತಿದ್ದ..."

"ಸಾಯ್ತಿರ್ಲಿಲ್ಲ." ಅವಳು ಚೀಲವನ್ನು ಮಡಿಲಿಗೆಳೆದುಕೊಂಡಳು. "ನಾನು ಗೋಡೆ ಹಿಂದೇನೇ ಇದ್ದೆ. ಹೊಗೆಬಾಂಬ್ ಎಸೆದು, ಹೊಗೆ ಹರಡ್ಲಿ ಅಂತ ನಿಂತಿದ್ದೆ. ಇನ್ನೂ ಆರು ಸೆಕೆಂಡ್ ಇತ್ತು, ನನಗೆ ನಾಲ್ಕು ಸಾಕಿತ್ತು. ಶರತಣ್ಣ, ಎದುರು ಟೀಮಿನವರು ಮೂರು ಗೋಡೆ ಆಚೆ ನಡೆದ್ರೂ ನಿಮಗೆ ಗೊತ್ತಾಗತ್ತೆ. ನನ್ ಹೆಜ್ಜೆ ಕೇಳಿಸ್ಲಿಲ್ವಾ?"

ಶರತ್ಚಂದ್ರ ಹಳಿಗಳನ್ನು ನೋಡಿದನು. ಕೇಳಿಸಿತ್ತು. ಕಲ್ಲಿನ ಮೇಲೆ ಎರಡು ಹೆಜ್ಜೆ, ಆಮೇಲೆ ಕಾಯುವವರ ಮೌನ. ಅವಳಿದ್ದಾಳೆಂದು ತಿಳಿದೇ ಅವನು ಓಡಿದ್ದನು.

"ಕೇಳಿಸ್ತು," ಎಂದನು.

"ಗೊತ್ತಿತ್ತು ನನಗೆ."

"ತಪ್ಪಾಯ್ತು. ಇನ್ನು ಮೆಡಿಕ್ ಮುಟ್ಟಲ್ಲ. ಆಣೆ ಮಾಡ್ಲಾ?"

"ನೀವು ಮುಟ್ಟದೆ ಇರ್ಬಹುದು. ಆದ್ರೆ ಯಾರಾದ್ರೂ ಬಿದ್ದಾಗೆಲ್ಲ ನಾನು ಮೊದಲು ಅವರನ್ನ ನೋಡಲ್ಲ, ನೀವು ಬರ್ತಿದ್ದೀರಾ ಅಂತ ಹಿಂದೆ ನೋಡ್ತೀನಿ. ಹಂಗೆ ನೋಡೋಳು ಮೆಡಿಕ್ ಆಗಲ್ಲ." ಅವಳು ನಗಲು ಯತ್ನಿಸಿದಳು. "ಫಾರಂನಲ್ಲಿ ನಾಲ್ಕು ಕಡೆನೂ ನಿಮ್ ಹೆಸರೇ ಬರೆದುಬಿಡಿ, ಆಯ್ತಾ?"

ರೈಲು ಬಂದಿತು. ಊರು ಒಂದೇ ಆದುದರಿಂದ ಇಬ್ಬರೂ ಒಂದೇ ಬೋಗಿ ಹತ್ತಿ ಎದುರುಬದುರು ಕುಳಿತರು. ಅರಸೀಕೆರೆಯವರೆಗೆ ಅವಳು ಕಿಟಕಿಯಾಚೆಯ ತೆಂಗಿನ ತೋಟಗಳನ್ನು ನೋಡಿದಳು. ಇಳಿಯುವಾಗ, "ಅಮ್ಮಂಗೆ ಕೇಳ್ದೆ ಅಂತ ಹೇಳಿ," ಎಂದಳು; ಅಷ್ಟು ಸೌಜನ್ಯದಿಂದ ಹೇಳಿದ್ದರಿಂದಲೇ ಇನ್ನು ಮಾತಿಗೆ ಎಡೆಯಿಲ್ಲವೆಂಬುದು ಅವನಿಗೆ ತಿಳಿಯಿತು. ನೀರಿನ ಲೋಟ, ಮಳೆಯ ಮಾತು, ಹೊನ್ನಯ್ಯನ ನಗು ಇಪ್ಪತ್ತೊಂದು ವರ್ಷಗಳ ಮೇಲೆ ಅವನೆದುರು ಬಂದು ನಿಂತವು.

ತಾಯಿ ಸುವರ್ಣಮ್ಮ ಊಟಕ್ಕೆ ಕರೆದರು, ಹಸಿವಿಲ್ಲವೆಂದನು. ಆರಕ್ಕೆ ಐದು ನಿಮಿಷವಿದ್ದಾಗ ಪರದೆಯ ಮೇಲಿನ ಅರ್ಜಿಯಲ್ಲಿ ಒಂದೇ ಹೆಸರಿತ್ತು. ಆರಾಯಿತು. ಅರ್ಜಿ ತಾನಾಗಿಯೇ ಮುಚ್ಚಿಕೊಂಡಿತು.

ಏನು ಮಾಡುವುದೆಂದು ತೋಚದೆ ಅವನು ಆಟವನ್ನೇ ತೆರೆದನು. ಯಂತ್ರವು ಎಲ್ಲಿಯವರೋ ಮೂವರು ಅಪರಿಚಿತರನ್ನು ಅವನಿಗೆ ಜೊತೆಗೂಡಿಸಿತು. ಅವನು ತನ್ನ ಹಳೆಯ ಬೇಹುಗಾರನ ಪಾತ್ರವನ್ನೇ ಹಿಡಿದನು, ಮೆಡಿಕ್ ಬೇರೊಬ್ಬನಾದನು. ಮೂರನೆಯ ನಿಮಿಷದಲ್ಲಿ ಬಾವಿಯ ಬಳಿ ಶರತ್ಚಂದ್ರನಿಗೆ ಗುಂಡು ಬಡಿದು ಅವನು ಬಿದ್ದನು. ಪರದೆ ಮಸುಕಾಯಿತು. ಇಪ್ಪತ್ತು ಸೆಕೆಂಡುಗಳ ಎಣಿಕೆ ಮೂಲೆಯಲ್ಲಿ ಮೊದಲಾಯಿತು. ಒಂದು ಗುಂಡಿ ಒತ್ತಿದ್ದರೆ ಕೂಡಲೇ ಸತ್ತು, ತಾನೇ ಮೆಡಿಕ್ ಆಗಿ ಬರಬಹುದಿತ್ತು. ಬೆರಳು ಅಲ್ಲಿಗೆ ಹೋಗಿ ಹಿಂದೆ ಬಂದಿತು. ಈ ಸಲ ಕಾಯುವೆನೆಂದು ಅವನು ಎರಡು ಕೈಗಳನ್ನೂ ತೊಡೆಯ ಮೇಲಿಟ್ಟುಕೊಂಡನು.

ಎಡಗಡೆ, ಗೋಡೆಯಾಚೆ, ಕಲ್ಲಿನ ಮೇಲೆ ಮೆಡಿಕ್ಕಿನ ಹೆಜ್ಜೆ ಕೇಳಿಸಿತು. ಹತ್ತು ಮಾರು. ಆರು ಮಾರು. ಸಪ್ಪಳ ಒಂದು ಕ್ಷಣ ನಿಂತಿತು. ಬಿದ್ದವನನ್ನು ಅವನು ನೋಡಿರಬೇಕು. ಆಮೇಲೆ ಹೆಜ್ಜೆ ತಿರುಗಿ, ಕಲ್ಲಿನಿಂದ ಮರಳಿಗಿಳಿದು, ದೂರವಾಗತೊಡಗಿತು. ಎಂಟು ಮಾರು, ಹದಿನೈದು, ಮೂವತ್ತು. ಬೇರೆ ಯಾರಿಗೂ ಕೇಳಿಸಲಾರದ ದೂರದಲ್ಲಿಯೂ ಅದು ಅವನ ಕಿವಿಗೆ ಇನ್ನೂ ಕೇಳಿಸುತ್ತಲೇ ಇತ್ತು.