ಕಕ್ಕಕ್ಕನ ಜೇಡಿಮಣ್ಣು

ಊಟ ಬಲ್ಲವನಿಗೆ ರೋಗವಿಲ್ಲ, ಕಕ್ಕ ಬಾರದವನಿಗೆ ಊಟವೇ ಇಲ್ಲ! ಗಾದೆ ತಿರುಚಿದ್ದಕ್ಕೆ ಹಿರಿಯರು ಕ್ಷಮಿಸಲಿ, ಕಥೆಯನ್ನಂತೂ ತಿರುಚಿಲ್ಲ.

ಬೆಳಕು ಹರಿಯುವ ಹೊತ್ತು. ಮಕ್ಕಳ ಆಸ್ಪತ್ರೆಯ ಮೂಲೆಕೋಣೆಯಲ್ಲಿ ನರ್ಸಮ್ಮ ಕಂದು ಜೇಡಿಮಣ್ಣು ನಾದುತ್ತಿದ್ದಾರೆ. ಒಂದಿಷ್ಟು ಗೋಲಿ, ಒಂದು ಬಿರುಕುಬಿಟ್ಟ ಕಡ್ಡಿ, ಒಂದು ನುಣುಪಾದ ಬಾಳೆಹಣ್ಣು: ಎಲ್ಲವೂ ಕಕ್ಕದ ಮಾದರಿಗಳೇ. ಗೋಲಿಯಾದರೆ ಹೊಟ್ಟೆ ಕಟ್ಟಿದೆ ಅಂತ, ಬಾಳೆಹಣ್ಣಾದರೆ ಎಲ್ಲ ಸರಿಯಿದೆ ಅಂತ. "ನಿಂದು ಯಾವ್ದು ಪುಟ್ಟಾ?" ಅಂದರೆ ಸಾಕು, ಡಾಕ್ಟರ ಮುಂದೆ ತುಟಿ ಬಿಚ್ಚದ ಮಕ್ಕಳೂ ಬೆರಳು ತೋರಿಸುತ್ತವೆ. ಆ ಮಕ್ಕಳೇ ಇಟ್ಟ ಹೆಸರು: ಕಕ್ಕಕ್ಕ.

"ಹೆಣ್ಣು ನೋಡೋಕೆ ಬಂದೋರೆಲ್ಲ ನನ್ನ ಕೆಲಸ ಕೇಳಿ ಓಡಿದ್ರು. ಓಡದೆ ನಿಂತೋರು ಒಬ್ರೇ, ಅವರನ್ನೇ ಕಟ್ಕೊಂಡೆ," ಎನ್ನುತ್ತಾರೆ.

ಕಳೆದ ತಿಂಗಳು ನಾಲ್ಕು ವರ್ಷದ ಹುಡುಗಿಯೊಬ್ಬಳು ಗೋಲಿಗಳನ್ನು ತೋರಿಸಿ ಪರದೆಯ ಹಿಂದೆ ಅವಿತುಕೊಂಡಳು. ಒಮ್ಮೆ ಕಕ್ಕ ಮಾಡುವಾಗ ನೋವಾಗಿದ್ದೇ ನೆಪ, ಆಮೇಲೆ ಕಾಲು ಹೆಣೆದು ತಡೆದುಕೊಳ್ಳುವುದೇ ಅಭ್ಯಾಸ. ಊಟ ಸೇರದು. ಶಿಶುವಿಹಾರದವರು ಬೇರೆ, "ಸರಿಹೋಗೋವರೆಗೂ ಕಳಿಸ್ಬೇಡಿ" ಅಂದಿದ್ದರು.

ತಾಯಿಯ ರಾಗವನ್ನು ಕಕ್ಕಕ್ಕ ಈಗಲೂ ಹಾಗೇ ಎಳೆದು ತೋರಿಸುತ್ತಾರೆ: "ಚಡ್ಡಿ ಒಗೆದೂ ಒಗೆದೂ ಕೈ ಸವೀತು ಸಿಸ್ಟರ್! ಕಕ್ಕ ಮೆತ್ತಗಾಗ್ಲಿ ಅಂತ ಡಾಕ್ಟ್ರು ಕೊಟ್ಟಿದ್ದ ಔಷಧಿನ, ಭೇದಿ ಆಗ್ತಿದೆ ಅಂತ ನಾನೇ ನಿಲ್ಲಿಸ್ಬಿಟ್ಟೆ. ಎರಡೇಟೂ ಬಿಟ್ಟೆ!"

ಡಾಕ್ಟರು ಹೊಟ್ಟೆ ಮುಟ್ಟಿ ನೋಡಿ ಔಷಧಿ ಮತ್ತೆ ಶುರುಮಾಡಿದರು. ತಾಯಿಗೆ ಬಿಡಿಸಿ ಹೇಳುವುದು ಕಕ್ಕಕ್ಕನ ಪಾಲು.

"ಭೇದಿ ಅಲ್ಲ ತಾಯಿ. ಒಳಗೆ ಗಟ್ಟಿಯಾಗಿ ಕೂತಿದೆ, ಅದರ ಸಂದಿಯಿಂದ ನೀರಾಗಿದ್ದು ಸೋರ್ತಿದೆ. ಮಗು ಬೇಕಂತ ಮಾಡ್ತಿಲ್ಲ, ಹೆದರಿದೆ. ಊಟ ಆದ್ಮೇಲೆ ಕೂರಿಸಿ, ಕಾಲ ಕೆಳಗೆ ಮಣೆ ಕೊಡಿ, ಪೀಪಿ ಊದಿಸಿ, ಊದಿದ್ರೆ ಮುಕ್ಕೋದು ಸುಲಭ. ಬೈಬೇಡಿ. ಮೆತ್ತಗಾಯ್ತು ಅಂತ ಔಷಧಿ ನಿಲ್ಲಿಸ್ಲೂಬೇಡಿ. ಡಾಕ್ಟ್ರು ಸಾಕು ಅನ್ನೋವರೆಗೂ ಕೊಡಿ. ಹೊಟ್ಟೆಗೂ ಧೈರ್ಯ ಬರ್ಬೇಕಲ್ಲ!"

ಇವತ್ತು ತಾಯಿ ಮಗಳು ಮತ್ತೆ ಬಂದಿದ್ದಾರೆ. ಕಕ್ಕಕ್ಕ ಕೈ ತೊಳೆದು ಬಂದು ಕುರ್ಚಿ ಎಳೆಯುತ್ತಾರೆ. ಕುರ್ಚಿಯ ನಟ್ಟನಡುವೆ ಅದು!

"ಅಯ್ಯಯ್ಯೋ! ಯಾರ್ದಿದು?"

ಕಂಡ ಕಂಡವರ ಕಕ್ಕಕ್ಕೆ ಹೇಸದ ಹೆಂಗಸು ಮಾರುದೂರ ಹಾರುತ್ತಾರೆ. ಪರದೆಯ ಹಿಂದೆ ಕಿಸಕ್ಕನೆ ನಗು.

"ನಂದು! ಆದ್ರೆ ಮಣ್ಣಿಂದು!"

ತಾಯಿ ನಾಚಿ ಕೆಂಪಾಗಿ, "ಏಯ್ ಮಂಗ!" ಎಂದು ಕೈ ಎತ್ತುತ್ತಾಳೆ. ಕಕ್ಕಕ್ಕ ಆ ಕೈ ಹಿಡಿದು, ಬಗ್ಗಿ, ಕುರ್ಚಿಯ ಮೇಲಿನದನ್ನು ಕಣ್ಣಿಟ್ಟು ನೋಡುತ್ತಾರೆ. ನುಣ್ಣಗಿದೆ. ಒಂದು ಬಿರುಕಿಲ್ಲ.

"ಬಾಳೆಹಣ್ಣು ಕಣ್ರೀ! ಗೋಲಿ ಅಲ್ಲ, ಬಾಳೆಹಣ್ಣು!"

ನೆಲಕ್ಕೆ ಕುಸಿದು ಹೊಟ್ಟೆ ಹಿಡಿದು ನಗುತ್ತಾರೆ. ಪಕ್ಕದ ಕೋಣೆಯ ಡಾಕ್ಟರು ಗಾಬರಿಯಿಂದ ಓಡಿ ಬರುವಷ್ಟು ಜೋರಾಗಿ.