ಚುಕ್ಕೆ ಎರಡಾಗುವುದನ್ನು ಕಂಡ ಅಕ್ಕ

ಬೆಳಗಿನ ಆರು ಗಂಟೆ. ಪ್ರಯೋಗಾಲಯದಲ್ಲಿ ಎಲ್ಲರೂ 'ಅಕ್ಕ' ಎಂದು ಕರೆಯುವ ಸಹಾಯಕಿ ಒಬ್ಬರೇ ಇದ್ದಾರೆ. ಅಂಗೈಯಗಲದ ಎರಡು ಗಾಜುಗಳ ನಡುವೆ ಕೂದಲೆಳೆಯಷ್ಟು ಜಾಗ ಬಿಟ್ಟು, ಡಿಎನ್‌ಎ ಬೆರೆತ ದ್ರವವನ್ನು ಉಸಿರು ಬಿಗಿಹಿಡಿದು ಇಳಿಸುತ್ತಿದ್ದಾರೆ. ಒಂದು ಗುಳ್ಳೆ ಸೇರಿದರೂ ಕೆಲಸ ಕೆಟ್ಟಂತೆಯೇ. ದಿನಕ್ಕೆ ಇಂಥವು ಹನ್ನೆರಡು. ಹದಿನಾಲ್ಕು ವರ್ಷವಾಯಿತು, ಇಂದಿಗೂ ಹಂಗಾಮಿ ನೌಕರಿ.

ಗಾಜಿನೊಳಗೆ ಎರಡು ಬಗೆಯ ಡಿಎನ್‌ಎ ತುಣುಕುಗಳು ಒಂದಕ್ಕೊಂದು ಆಸರೆಯಾಗಿ ನಕಲುಗೊಳ್ಳುತ್ತವೆ. ಒಂಟಿಯಾದರೆ ಬೆಳೆಯುವುದಿಲ್ಲ. ಗುಂಪಾಗಿದ್ದಲ್ಲಿ ಹೆಚ್ಚುತ್ತವೆ, ಹರಡುತ್ತವೆ, ಸುತ್ತಲಿನ ಆಹಾರವನ್ನೆಲ್ಲ ಮುಗಿಸುತ್ತವೆ. ಹೀಗಾದಾಗ ಚುಕ್ಕೆಗಳ ಚಿತ್ತಾರ ಮೂಡಬೇಕೆಂದು ಲೆಕ್ಕ ಹೇಳುತ್ತಿತ್ತು. ಈ ಲ್ಯಾಬಿನಲ್ಲಿ ಅದನ್ನು ಕಂಡವರಿರಲಿಲ್ಲ.

ಕಳೆದ ವರ್ಷ ಒಂದು ಗಾಜಿನಲ್ಲಿ ಕಲೆಗಳೆದ್ದವು. ಹೊರಗಿನ ಡಿಎನ್‌ಎ ಸೇರಿ ಪ್ರಯೋಗ ಹಾಳಾಗುವುದು ಇಲ್ಲಿ ದಿನನಿತ್ಯದ ಗೋಳು. ಹಿರಿಯ ವಿಜ್ಞಾನಿ ಒಮ್ಮೆ ಕಣ್ಣು ಹಾಯಿಸಿ, ಇದು ಕಲಬೆರಕೆ, ಬ್ಲೀಚ್ ಹಾಕಿ ತೊಳಿ ಎಂದು ಹೇಳಿ ಊಟಕ್ಕೆ ಹೋದರು.

"ಕಲಬೆರಕೆ ನಂಗೇನು ಹೊಸದಾ? ಅದು ಚೆಲ್ಲಿದ ಹಾಲಿನ ಥರ ಎಲ್ಲಾ ಕಡೆ ಹರಡುತ್ತೆ. ಇವು ದೂರ ದೂರ ನಿಂತಿದ್ವು. ನೋಡ್ತಾ ನೋಡ್ತಾ ಒಂದು ಚುಕ್ಕೆ ನಡುವೆ ಸಣ್ಣಗಾಗಿ ಎರಡಾಯ್ತು," ಎನ್ನುತ್ತಾರೆ ಅಕ್ಕ. ಅಂದು ಊಟ ಬಿಟ್ಟು, ಹತ್ತು ನಿಮಿಷಕ್ಕೊಂದರಂತೆ ಹತ್ತು ಫೋಟೊ ತೆಗೆದರು.

ಆ ಫೋಟೊಗಳಿಂದಲೇ ಈಗ ಸಂಶೋಧನಾ ಪ್ರಬಂಧ ಸಿದ್ಧವಾಗಿದೆ. ತಿಂಗಳ ಕೊನೆಗೆ ಅಚ್ಚಿಗೆ ಹೋಗುತ್ತದೆ. ಏಳು ಜನರ ಹೆಸರಿದೆ, ಅಕ್ಕನದಿಲ್ಲ. ಏಳರಲ್ಲಿ ಒಬ್ಬರು ಆ ವಾರ ರಜೆಯಲ್ಲಿದ್ದವರು! ಒಳಗಿನ ಸಾಲು ಓದಿದರೆ ಮೈ ಉರಿಯುತ್ತದೆ: 'ತೊಳೆಯದೆ ಉಳಿದಿದ್ದ ಗಾಜಿನಲ್ಲಿ ಚಿತ್ತಾರವು ಆಕಸ್ಮಿಕವಾಗಿ ಕಂಡುಬಂದಿತು.' ಉಳಿದಿತ್ತಂತೆ! ತಾನಾಗಿಯೇ ಉಳಿಯಲು ಗಾಜಿಗೇನು ಬುದ್ಧಿಯಿತ್ತೇ? ಕೇಳಿದರೆ, ಸಹಾಯಕರ ಹೆಸರು ಹಾಕುವ ಪದ್ಧತಿ ನಮ್ಮಲ್ಲಿಲ್ಲ ಎಂದು ವಿಜ್ಞಾನಿ ನುಣುಚಿಕೊಳ್ಳುತ್ತಾರೆ. ಸಹಾಯಕರ ಫೋಟೊ ಬಳಸುವ ಪದ್ಧತಿ ಮಾತ್ರ ಇದೆಯೇ, ಸ್ವಾಮಿ?

ಕಾಲೇಜಿಗೆ ಹೋಗುವ ಮಗಳು ಪ್ರಬಂಧದ ಇಂಗ್ಲಿಷ್ ಕರಡನ್ನು ಓದಿ ಹೇಳಿದ ದಿನ ಅಕ್ಕನಿಗೆ ಅನ್ನ ಸೇರಲಿಲ್ಲವಂತೆ. ಮರುದಿನ ಹೋಗಿ ವಿಜ್ಞಾನಿಯನ್ನು ಕೇಳಿಯೂ ಕೇಳಿದರು. ನೋಡೋಣ ಎಂಬ ಉತ್ತರ ಸಿಕ್ಕಿತು. ಈಗ ನಿಮಗೆ ಏನಾಗಬೇಕು ಎಂದರೆ, ಕೈಗವಸು ಕಳಚುತ್ತ ಹೇಳುತ್ತಾರೆ:

"ಹೆಸರು ಹಾಕೋದು ಬಿಡೋದು ಅವರಿಗೆ ಬಿಟ್ಟಿದ್ದು. ಆಕಸ್ಮಿಕ ಅನ್ನೋದನ್ನ ಮಾತ್ರ ಹೊಡೆದುಹಾಕ್ಲಿ. ಅವರು ತೊಳಿ ಅಂದ್ರು. ನಾನು ಬೇಕೂಂತ್ಲೇ ತೊಳೀಲಿಲ್ಲ."