ನಾಯಿಗೆ ಬೇರೆ ಬಟ್ಟಲು

ಇನ್ನೂ ಬೆಳಕು ಹರಿದಿಲ್ಲ. ಹೆಪ್ಪುಗಟ್ಟಿದ ಸರೋವರದ ಮೇಲೆ ಖಾಂಡ್ಮಾ ಕುಕ್ಕರಗಾಲಿನಲ್ಲಿ ಕೂತಿದ್ದಾರೆ. ಮಂಜುಗಡ್ಡೆ ಕೊರೆದ ಕಿಂಡಿಯಿಂದ ಗಂಡ ಗೋಂಚಿಗ್ ಎಳೆದು ಹಾಕುವ ಮೀನು ಎರಡು ಸಲ ಬಾಲ ಬಡಿಯುವಷ್ಟರಲ್ಲಿ ಸೆಟೆದು ಕಟ್ಟಿಗೆಯಾಗುತ್ತದೆ. ಅದನ್ನು ಚೀಲಕ್ಕೆ ತುಂಬಿ, ಜಾರುಬಂಡಿಗೆ ಕಟ್ಟಿ, ಊರಿನ ದೊಡ್ಡ ಬೀದಿಯಲ್ಲೇ ಶಿಶುವಿಹಾರಕ್ಕೆ ಎಳೆದುಕೊಂಡು ಹೊರಡುತ್ತಾರೆ. ಹಿಂದಿನ ಓಣಿಯಲ್ಲಿ ಹೋದರೆ ದಾರಿ ಅರ್ಧಕ್ಕರ್ಧ ಕಡಿಮೆ. ಆದರೆ ಅತ್ತ ತಲೆ ಹಾಕುವುದಿಲ್ಲ. "ನಾನೇನು ಕದ್ಕೊಂಡು ಹೋಗ್ತಿದೀನಾ?" ಎನ್ನುತ್ತಾರೆ.

ಮಂಗೋಲಿಯಾದ ಉತ್ತರ ತುದಿಯ ಈ ನೀರಿನ ತುಂಬ ಮೀನಿದೆ, ದಡದ ಜನ ಮಾತ್ರ ಅದನ್ನು ಬಾಯಿಗಿಡುವುದಿಲ್ಲ. ರೆಪ್ಪೆ ಮುಚ್ಚದ ಜೀವ, ಹಗಲೂ ರಾತ್ರಿ ನೋಡುತ್ತಲೇ ಇರುತ್ತದೆ, ಅದನ್ನು ತಿನ್ನುವುದುಂಟೇ ಎಂದು ಹಿರಿಯರು ಮುಖ ಸಿಂಡರಿಸುತ್ತಾರೆ. ಕುರಿಬಾಲದ ಕೊಬ್ಬನ್ನು ಬೇಯಿಸಿ, ಕೂಸು ನುಂಗದಂತೆ ಅಡ್ಡಕ್ಕೊಂದು ಕಡ್ಡಿ ಚುಚ್ಚಿ, ಚೀಪಲು ಕೊಟ್ಟು ಬೆಳೆಸಿದ ಊರಿದು. ಖಾಂಡ್ಮಾ ಕೂಡ ಅದನ್ನೇ ಚೀಪಿ ಬೆಳೆದವರು. ತಮ್ಮ ಇಬ್ಬರು ಹೆಣ್ಣುಮಕ್ಕಳಿಗೂ ಅದನ್ನೇ ಕೊಟ್ಟವರು.

ಹೋದ ವಸಂತದಲ್ಲಿ ಆಸ್ಪತ್ರೆಯ ವೈದ್ಯೆ ಜಾರ್ಗಲ್ ಶಿಶುವಿಹಾರದಲ್ಲಿ ಸಭೆ ಕರೆದರು. ನೀರಿನಂಶ ಬಿಟ್ಟರೆ ಮೆದುಳಿನಲ್ಲಿ ಅರ್ಧಕ್ಕಿಂತ ಹೆಚ್ಚು ಕೊಬ್ಬೇ, ಮೊದಲ ಎರಡು ಮೂರು ವರ್ಷ ಅದು ಬೆಳೆಯುವ ವೇಗ ಮತ್ತೆಂದೂ ಬರುವುದಿಲ್ಲ, ಹಾಗಾಗಿ ಎಳೆಯರ ಹಾಲಿನ ಕೆನೆ ತೆಗೆಯಬೇಡಿ ಎಂದರು. ಅಲ್ಲಿಯವರೆಗೆ ಎಲ್ಲರೂ ತಲೆಯಾಡಿಸಿದರು. ಆದರೆ ಮೆದುಳಿಗೂ ಕಣ್ಣಿಗೂ ಬೇಕಾದ ಒಂದು ಬಗೆಯ ಕೊಬ್ಬು ಕುರಿಬಾಲದಲ್ಲಿ ಸಾಲದು, ಮೀನಿನಲ್ಲಿ ಧಾರಾಳವಾಗಿದೆ ಎಂದದ್ದೇ ತಡ, ಅರ್ಧ ಸಭೆ ಎದ್ದು ಹೋಯಿತು. ಶಿಶುವಿಹಾರದ ಅಡುಗೆಯವರಾದ ಖಾಂಡ್ಮಾ ಕೂಡ ಮುಖ ತಿರುಗಿಸಿದರು. ಆದರೂ ಅವತ್ತೇ ಸಂಜೆ ಒಂದು ಮೀನು ಬೇಯಿಸಿ, ಮೂಗು ಹಿಡಿದುಕೊಂಡು ತಿಂದರು.

"ವಾಂತಿ ಬಂತು. ಮಾರನೇ ದಿನ ಮತ್ತೆ ತಿಂದೆ, ಸಾಯ್ಲಿಲ್ಲ. ಮಕ್ಕಳಿಗೆ ಒಳ್ಳೇದು ಅಂದ್ಮೇಲೆ ನನ್ನ ಮೂಗಿನ ಮಾತು ಕಟ್ಕೊಂಡು ಏನಾಗ್ಬೇಕು?"

ಈಗ ಹಬೆಯಲ್ಲಿ ಬೆಂದ ಮೀನನ್ನು ಅವರು ಬೆರಳಲ್ಲಿ ಹಿಸುಕಿ ಮುಳ್ಳು ತೆಗೆಯುತ್ತಿದ್ದಾರೆ. ಒಮ್ಮೆ ಮುಗಿಸಿ, ಕೈ ತೊಳೆದು, ಮತ್ತೆ ಮೊದಲಿನಿಂದ ಹಿಸುಕುತ್ತಾರೆ. ಆಮೇಲೆ ಆಲೂಗಡ್ಡೆ, ಮೇಲೊಂದಿಷ್ಟು ಗಟ್ಟಿ ಕೆನೆ. ವಾರಕ್ಕೆರಡು ದಿನ ಇದು ಎಳೆಯರ ತರಗತಿಯ ಊಟ.

ಆ ತರಗತಿಯೇ ಈಗ ಉಳಿಯುತ್ತದೋ ಇಲ್ಲವೋ ಎಂಬಂತಾಗಿದೆ. ಬೀದಿಗೆಲ್ಲ ಹಿರಿಯರಾದ ಸೆವ್ಜಿದ್ ಅಜ್ಜಿ, ಮಕ್ಕಳಿಗೆ ಮೀನು ಬಡಿಸುತ್ತಾರಂತೆ ಎಂದು ಕೇಳಿದ್ದೇ, ಶರತ್ಕಾಲದಲ್ಲೇ ತಮ್ಮ ಮರಿಮಗ ತೆಮೂಗೆಯನ್ನು ಬಿಡಿಸಿಕೊಂಡು ಹೋದರು. ಅವರನ್ನು ನೋಡಿ ಇನ್ನೆರಡು ಮನೆಯವರೂ ಬಿಡಿಸಿದರು. ಇನ್ನೊಂದು ಮಗು ಹೋದರೆ ತರಗತಿ ಮುಚ್ಚಬೇಕು, ಉಣ್ಣೆ ಕಾರ್ಖಾನೆಗೆ ಹೋಗುವ ತಾಯಂದಿರು ಕೂಸುಗಳನ್ನು ಬಿಡಲು ಜಾಗವಿಲ್ಲದೆ ಮನೆಯಲ್ಲೇ ಕೂರಬೇಕು. ಮಾಂಸದ ಕಡುಬಿನೊಳಗೆ ಮೀನು ಬೆರೆಸಿಬಿಡು, ಯಾರಿಗೆ ಗೊತ್ತಾಗುತ್ತದೆ ಎಂದು ಜೊತೆಯವರು ಉಪಾಯ ಹೇಳಿಕೊಟ್ಟರು. ಖಾಂಡ್ಮಾಗೆ ನಖಶಿಖಾಂತ ಉರಿದುಹೋಯಿತು.

"ಮುಚ್ಚಿಟ್ಟು ತಿನ್ಸೋಕೆ ಅದೇನು ವಿಷಾನಾ? ನಾಳೆ ಗೊತ್ತಾದ್ರೆ ನನ್ನ ಕೈಯಿಂದ ಒಂದು ತೊಟ್ಟು ನೀರೂ ಕುಡಿಯಲ್ಲ ಜನ."

ಹಾಗಾದರೆ ಏನು ಮಾಡಿದರು? ಅಜ್ಜಿಯ ಪದ್ಧತಿಯನ್ನೇ ಹಿಡಿದರು. ಇಲ್ಲಿ ಚಹಾ ಕುದಿಯಲಿ, ಮಾಂಸ ಬೇಯಲಿ, ಮೊದಲ ಪಾಲು ಹಿರಿಯರದು. ಬಂದದ್ದನ್ನು ಹಿರಿಯರೂ ತಳ್ಳುವಂತಿಲ್ಲ, ತುಟಿಗಾದರೂ ಮುಟ್ಟಿಸಲೇಬೇಕು. ಮೀನು ಬೆಂದ ಮೊದಲ ದಿನವೇ ಮೊದಲ ಬಟ್ಟಲು ಸೆವ್ಜಿದ್ ಅಜ್ಜಿಯ ಬಾಗಿಲಿಗೆ ಹೋಯಿತು.

"ಏನೇ ಇದು?"

"ಮೀನು, ಅಜ್ಜಿ. ನಿಮ್ಮನ್ನ ಬಿಟ್ಟು ಮಕ್ಕಳಿಗೆ ಹೇಗೆ ಬಡಿಸ್ಲಿ?"

"ನನ್ನ ಹಗ್ಗದಲ್ಲಿ ನನ್ನನ್ನೇ ಕಟ್ತೀಯಾ? ಎಷ್ಟು ಸೊಕ್ಕೇ ನಿನಗೆ."

ಅಜ್ಜಿ ತುಟಿಗೆ ಮುಟ್ಟಿಸಿ ಬಟ್ಟಲು ಹಿಂದಿರುಗಿಸಿದರು. ಮರುವಾರ ಮತ್ತೆ ಬಂತು. ಚಳಿಗಾಲದುದ್ದಕ್ಕೂ ಬಟ್ಟಲು ತುಂಬಿ ಹೋಗಿ ತುಂಬಿಯೇ ವಾಪಸಾಯಿತು, ಬೀದಿ ಬಿದ್ದು ಬಿದ್ದು ನಕ್ಕಿತು. ನಗಲಿ ಬಿಡಿ, ಇವರು ನಿಲ್ಲಿಸಲಿಲ್ಲ. ಈಚೆಗೆ ಬಟ್ಟಲು ಒಳಗೆ ಹೋಗಿ ಖಾಲಿಯಾಗಿ ಬರುತ್ತಿದೆ. ಕೇಳಿದರೆ, ನಾಯಿಗೆ ಹಾಕಿದೆ ಎನ್ನುತ್ತಾರೆ ಅಜ್ಜಿ.

ಇವತ್ತೂ ಬಟ್ಟಲು ಒಳಗೆ ಹೋಗಿದೆ, ಬಾಗಿಲು ಮುಚ್ಚಿದೆ. ಖಾಂಡ್ಮಾ ಚಳಿಯಲ್ಲಿ ಕಾಲು ಬಡಿಯುತ್ತ ಕಾಯುತ್ತಾರೆ. ಎಷ್ಟೋ ಹೊತ್ತಿನ ಮೇಲೆ ಅಜ್ಜಿ ಖಾಲಿ ಬಟ್ಟಲು ಹಿಡಿದು ಹೊರಗೆ ಬರುತ್ತಾರೆ.

"ಉಪ್ಪು ಸಾಲ್ದು ಅಂತದೆ ನಾಯಿ."

ಖಾಂಡ್ಮಾ ನಗುವುದಿಲ್ಲ. "ನಾಯಿಗೆ ಬೇರೆ ಬಟ್ಟಲಲ್ಲಿ ಉಪ್ಪು ಹಾಕಿ ತರ್ತೀನಿ, ಅಜ್ಜಿ. ಕೂಸುಗಳದ್ದಕ್ಕೆ ಹಾಕಲ್ಲ."

ಅಜ್ಜಿ ಗೊಣಗುತ್ತ ಒಳಗೆ ಕೈ ಹಾಕಿ, ಹಿಂದೆ ಅಡಗಿ ನಿಂತಿದ್ದ ತೆಮೂಗೆಯನ್ನು ಮುಂದಕ್ಕೆ ತಳ್ಳುತ್ತಾರೆ. ಕೋಟು, ಟೋಪಿ, ಬೂಟು ಎಲ್ಲ ಆಗಲೇ ಹಾಕಿ ಆಗಿದೆ.

"ಕರ್ಕೊಂಡು ಹೋಗು. ಒಂದು ಮುಳ್ಳು ಸಿಕ್ಕಿದ್ರೂ ನಿನ್ನ ಕೈ ಮುರೀತೀನಿ."

"ಮುರೀರಿ," ಎಂದು ಖಾಂಡ್ಮಾ ಮಗುವನ್ನು ಜಾರುಬಂಡಿಯ ಮೇಲೆ ಕೂರಿಸಿಕೊಳ್ಳುತ್ತಾರೆ. ಕಣ್ಣು ತುಂಬಿದೆ, ಅದನ್ನು ಚಳಿಯ ಲೆಕ್ಕಕ್ಕೆ ಹಾಕಿ ಒರೆಸಿಕೊಳ್ಳುತ್ತಾರೆ. ಬಂಡಿ ದೊಡ್ಡ ಬೀದಿಗೆ ತಿರುಗುತ್ತದೆ, ಎಂದಿಗಿಂತ ನಿಧಾನವಾಗಿ, ಪ್ರತಿ ಮನೆಯ ಮುಂದೆಯೂ ಹಾದು. ಇನ್ನೂ ಎರಡು ಮನೆ ಬಾಕಿ ಇವೆಯಲ್ಲ, ಏನು ಆಸೆ ನಿಮಗೆ ಎಂದರೆ ಹಗ್ಗವನ್ನು ಇನ್ನೊಂದು ಹೆಗಲಿಗೆ ಬದಲಾಯಿಸುತ್ತಾರೆ.

"ಆಸೆ ಏನು ಬಂತು? ಹಿಂದಿನ ಓಣೀಲಿ ಹೋಗೋ ಕಾಲ ನನಗೆ ಬರದೆ ಇದ್ರೆ ಸಾಕು."